ಡೋಡೊ ಕಥೆ ಸಾಕು, ನಮ್ಮ ಹದ್ದಿನ ಕಥೆ ಹೇಳ್ರಿ

ಕಳೆದ ವನ್ಯಜೀವಿ ಸಪ್ತಾಹದಲ್ಲಿ ನಮ್ಮ ಕಡೆಯ ಶಾಲೆಯೊಂದರಲ್ಲಿ ಭಾಷಣ ಇತ್ತು. ಬಂದವರು ಮಾರಿಷಸ್ ದ್ವೀಪದ ಡೋಡೊ ಹಕ್ಕಿ ಅಳಿದ ಕಥೆ ಹೇಳಿದರು. ಜೀವವೈವಿಧ್ಯ, ಪರಿಸರ ಸಮತೋಲನ ಅಂದರು. ಹುಡುಗರು ಚಪ್ಪಾಳೆ ತಟ್ಟಿದರು. ಹೊರಗೆ ಬಂದ ಮೇಲೆ ಬಾಜೂ ಹೊಲದ ಕಾಕಾ ಕೇಳಿದರು: “ಎಲ್ಲಾ ಖರೆ ತಮ್ಮಾ, ಇದರಾಗ ನಾವು ಮಾಡೂದು ಏನೈತಿ?”

ಉತ್ತರ ಇದೆ. ಆದರೆ ಡೋಡೊ ಬಿಟ್ಟು ರಣಹದ್ದಿನಿಂದ ಮಾತು ಸುರು ಮಾಡಬೇಕು.

ನಮ್ಮ ತೇರದಾಳ ಭಾಗದಲ್ಲಿ ಕಬ್ಬಿನ ಗಾಡಿ ಎಳೆಯುವ ಎತ್ತಿಗೆ ಹೆಗಲು ಬಾತರೆ, ಕಾಲು ಕುಂಟಿದರೆ ನೋವಿನ ಸೂಜಿ ಮಾಡಿಸುತ್ತೇವೆ. ಎತ್ತು ಸತ್ತರೆ ಊರ ಹೊರಗೆ ಎಳೆದು ಹಾಕುವುದು ಹಿಂದಿನಿಂದ ಬಂದ ರೂಢಿ. ಆಗ ಹದ್ದುಗಳು ಇಳಿದು ಎಲುಬಷ್ಟೇ ಉಳಿಸುತ್ತಿದ್ದವು. ಈಗ ಬರುವುದು ನಾಯಿಗಳ ಹಿಂಡು.

ಹದ್ದು ಎಲ್ಲಿ ಹೋದವು? ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದ ವಿಜ್ಞಾನಿಗಳು 2004ರಲ್ಲಿ ಕಾರಣ ಪ್ರಕಟಿಸಿದರು. ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಕೊಟ್ಟ ಸ್ವಲ್ಪ ದಿನದಲ್ಲೇ ದನ ಸತ್ತರೆ ಅದು ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು, ಕೆಲವೇ ದಿನದಲ್ಲಿ ಹದ್ದು ಸಾಯುತ್ತದೆ. 1992ರಿಂದ 2007ರೊಳಗೆ ಭಾರತದ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಷ್ಟು ಉಳಿಯಿತು.

“ನನ್ನ ಒಂದ ಎತ್ತಿನಿಂದ ಏನಾದೀತು?” ಅನ್ನಬಹುದು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಮ್ಮಿಯಲ್ಲಿ ವಿಷ ಇದ್ದರೂ ಇಷ್ಟು ಹಾನಿ ಆಗುತ್ತದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಒಂದು ಹೆಣಕ್ಕೆ ಹತ್ತಾರು ಹದ್ದು ಕೂಡುತ್ತವೆ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗಡಿಗೆ ಹಾಲಿಗೆ ಹನಿ ಹುಳಿ ಬಿದ್ದರೆ ಏನಾಗುತ್ತದೆಂದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಗೊತ್ತು. ಹೀಗೆ ಹೇಳಿದರೆ ನಮಗೂ ತಿಳಿಯುತ್ತದೆ.

ದನಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ಸರಕಾರ 2006ರಲ್ಲೇ ನಿಷೇಧಿಸಿತು. ಮನುಷ್ಯರ ಔಷಧದ ದೊಡ್ಡ ಬಾಟಲಿ ದನಕ್ಕೆ ಬಳಕೆಯಾಗುತ್ತಿತ್ತೆಂದು 2015ರಲ್ಲಿ ಅದನ್ನು 3 ಮಿಲಿಗೆ ಇಳಿಸಿದರು. 2023ರಲ್ಲಿ ಅಸೆಕ್ಲೊಫೆನಾಕ್, ಕೀಟೊಪ್ರೊಫೆನ್, 2024ರ ಕೊನೆಗೆ ನಿಮೆಸುಲೈಡ್ ಕೂಡ ದನಗಳಿಗೆ ಬಂದಾದವು. ಇವುಗಳ ಬದಲು ಮೆಲೊಕ್ಸಿಕ್ಯಾಮ್ ಇದೆ. ಅದರಿಂದ ಹದ್ದಿಗೆ ಹಾನಿ ಇಲ್ಲವೆಂದು ಪರೀಕ್ಷೆಯಲ್ಲಿ ಕಂಡಿದೆ.

ಇಷ್ಟೆಲ್ಲ ಆದೇಶ ಬಂದವು. ನಮ್ಮ ಗ್ವಾದಲಿವರೆಗೆ ಬಂದು ಹೇಳಿದವರು ಯಾರು? ನಾನು ಕೇಳಿದ ಯಾವ ಭಾಷಣದಲ್ಲೂ ಔಷಧದ ಹೆಸರು ಬರಲಿಲ್ಲ. ದನದ ದವಾಖಾನೆ, ಔಷಧ ಅಂಗಡಿ, ದನದ ಸಂತೆ, ಸಕ್ಕರೆ ಕಾರ್ಖಾನೆಯ ಗಾಡಿ ಅಡ್ಡೆ, ಇಲ್ಲೆಲ್ಲ ಈ ನಾಲ್ಕು ಹೆಸರು ಕನ್ನಡದಲ್ಲಿ ದೊಡ್ಡದಾಗಿ ಬರೆಸಿದರೆ ನೂರು ಭಾಷಣಕ್ಕಿಂತ ಮೇಲು. ತಪ್ಪು ನಮ್ಮದೂ ಇದೆ. ಬೀಜದ ಚೀಲದ ಚೀಟಿ ಓದುವ ನಾವು ಸೂಜಿ ಬಾಟಲಿಯ ಚೀಟಿ ನೋಡುವುದಿಲ್ಲ.

ಮುಧೋಳ, ಬೀಳಗಿ ಕಡೆಯ ಯಡಹಳ್ಳಿಯಲ್ಲಿ ಚಿಂಕಾರಗಳಿಗಾಗಿ ವನ್ಯಧಾಮ ಆಗಿದೆ. ಆ ಪ್ರಾಣಿ ಇನ್ನೂ ನಮ್ಮ ನಡುವೆ ಇದೆ. ನಮ್ಮ ನಾಯಿ, ನಮ್ಮ ಬೇಲಿ, ನಮ್ಮ ಕುರಿ ಅದಕ್ಕೆ ಏನು ಮಾಡುತ್ತವೆ ಎಂದು ತಿಳಿದವರು ಈಗಲೇ ಹೇಳಲಿ. ಅಳಿದ ಮೇಲೆ ಹೇಳುವ ಕಥೆ ಡೋಡೊದ್ದೇ ಆಗುತ್ತದೆ.

ಓದುಗ ಬಂಧುಗಳೇ, ಮುಂದಿನ ಸಲ ಎತ್ತಿಗೆ ಸೂಜಿ ಮಾಡಿಸುವಾಗ ಒಂದು ಮಾತು ಕೇಳ್ರಿ: “ಡಾಕ್ಟರ್ ಸಾಹೇಬ್ರ, ಇದು ಯಾವ ಔಷಧ?” ಕಾಕಾ ಕೇಳಿದ ಪ್ರಶ್ನೆಗೆ ಅದೇ ಉತ್ತರ.