ನೂರು ಪರ್ಸೆಂಟ್ ಎಂಬ ಸುಳ್ಳು

ಚಳ್ಳಕೆರೆ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಅಜ್ಜನೊಬ್ಬರು ಜುಂಜಪ್ಪನ ಕಥೆ ಹಾಡುತ್ತಿದ್ದರು. ಹಳೆಯ ಲ್ಯಾಪ್‌ಟಾಪಿಗೆ ಮೈಕು ಸಿಕ್ಕಿಸಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಕರೆಂಟು ಹೋಗಿತ್ತು. ಪರದೆಯ ಮೂಲೆಯಲ್ಲಿ ಬ್ಯಾಟರಿ 31 ಪರ್ಸೆಂಟ್ ಎಂದಿತ್ತು, ನಂಬಿ ಕೂತಿದ್ದೆ. ಇದ್ದಕ್ಕಿದ್ದಂತೆ ಲ್ಯಾಪ್‌ಟಾಪ್ ಆರಿಹೋಯಿತು. ಸೇವ್ ಮಾಡಿರದ ಒಂದು ಗಂಟೆಯ ಹಾಡೂ ಹೋಯಿತು.

"ಇನ್ನೊಂದ್ಸಲ ಹೇಳ್ತೀರಾ ಅಜ್ಜಾ?" ಅಂದೆ.

"ಹೇಳ್ತೀನಪ್ಪಾ. ಆದ್ರೆ ಅದೇ ಬರಲ್ಲ, ಬೇರೆ ಬರ್ತೈತೆ."

ಈ ಕಥೆ ಕೇಳಿದ ಸಂಶೋಧಕ ಗೆಳೆಯರು ಮರುಗಿದರು. ಆಮೇಲೆ ಎಲ್ಲರೂ ಹೇಳಿದ್ದು ಒಂದೇ ಮಾತು: "ನಾವು ಸಾಹಿತ್ಯದವರು, ಇದೆಲ್ಲ ನಮಗೆ ಹೇಗೆ ಗೊತ್ತಾಗಬೇಕು? ಯಾರಾದರೂ ಇಂಜಿನಿಯರ್ ಹುಡುಗನನ್ನು ಕೇಳು." ನನ್ನ ತಕರಾರು ಈ ಮಾತಿನ ಮೇಲೆ. ಅದರಲ್ಲಿ ವಿನಯವಿದ್ದಂತೆ ಕಾಣುತ್ತದೆ. ಇರುವುದು ಸೋಮಾರಿತನ, ಜೊತೆಗೆ ಒಂದಿಷ್ಟು ಜಂಬ.

ಗೊತ್ತಾಗಬೇಕಾಗಿದ್ದದ್ದಾದರೂ ಎಷ್ಟು? ಲಿನಕ್ಸ್ ಬ್ಯಾಟರಿಯ ಲೆಕ್ಕವನ್ನು ಬಚ್ಚಿಡುವುದಿಲ್ಲ. 'ಸಿಸ್' ಎಂಬ ಫೋಲ್ಡರಿನಲ್ಲಿ 'ಕ್ಲಾಸ್', ಅದರೊಳಗೆ 'ಪವರ್ ಸಪ್ಲೈ', ಅದರೊಳಗೆ ಬ್ಯಾಟರಿಯ ಹೆಸರಿನದೊಂದು ಫೋಲ್ಡರು. ಅಲ್ಲಿರುವುದು ಯಾರು ಬೇಕಾದರೂ ತೆರೆದು ಓದಬಹುದಾದ ಪುಟ್ಟ ಪುಟ್ಟ ಕಡತಗಳು. ಒಂದು, ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯಬೇಕಿತ್ತು ಎನ್ನುತ್ತದೆ. ಇನ್ನೊಂದು, ಈಗ ತುಂಬಿದರೆ ಎಷ್ಟು ಹಿಡಿಯುತ್ತದೆ ಎನ್ನುತ್ತದೆ. ನನ್ನದರಲ್ಲಿ ಮೊದಲನೆಯದು 50 ವ್ಯಾಟ್‌ಅವರ್, ಎರಡನೆಯದು 21. ಅಂದರೆ ಅರ್ಧಕ್ಕಿಂತ ಹೆಚ್ಚು ಸತ್ತಿದೆ. ಆದರೂ ಚಾರ್ಜು ತುಂಬಿದಾಗ ಪರದೆ 100 ಪರ್ಸೆಂಟ್ ಎಂದೇ ತೋರಿಸುತ್ತದೆ, ಏಕೆಂದರೆ ಅದು ಎಣಿಸುವುದು ಉಳಿದ ಆ 21ರಲ್ಲಿ. ಸೇರು ಸವೆದು ಪಾವಾದರೂ ತುಂಬಿದ್ದು ತುಂಬಿದ್ದೇ! ಸಾಲದ್ದಕ್ಕೆ ಆ ಪರ್ಸೆಂಟ್ ಕೂಡ ಅಂದಾಜು. ಸವೆದ ಬ್ಯಾಟರಿಯ ವೋಲ್ಟೇಜು ಭಾರ ಬಿದ್ದಾಗ ಥಟ್ಟನೆ ಕುಸಿಯುತ್ತದೆ. ಹಟ್ಟಿಯಲ್ಲಿ ಆದದ್ದು ಅದೇ.

ಇದನ್ನು ಕಾಯಲು ಹತ್ತು ಹನ್ನೆರಡು ಸಾಲಿನ ಸ್ಕ್ರಿಪ್ಟು ಸಾಕು. ಎರಡು ನಿಮಿಷಕ್ಕೊಮ್ಮೆ ಎರಡು ಕಡತ ಓದು. ಚಾರ್ಜರ್ ಇಲ್ಲದೆ 45ಕ್ಕಿಂತ ಕೆಳಗಿಳಿದಿದ್ದರೆ ಪರದೆಯ ಮೇಲೆ ಎಚ್ಚರಿಕೆ ತೋರಿಸು. ಪ್ರತಿ ಸಲ ಹೊತ್ತನ್ನೂ ಅಂಕಿಯನ್ನೂ ಒಂದು ಕಡತಕ್ಕೆ ಬರೆದಿಡು. 'ಸಿಸ್ಟಮ್‌ಡಿ'ಯ ಟೈಮರಿಗೆ ಇದನ್ನು ಒಪ್ಪಿಸಿದರೆ ಮುಗಿಯಿತು. ಎಲ್ಲರೂ ಬಿಡುವ 10 ಅಥವಾ 15ರ ಬದಲು 45 ಏಕೆ? ನನ್ನ ಬ್ಯಾಟರಿ 31ಕ್ಕೇ ಕೈಕೊಟ್ಟಿದೆ, ಅದಕ್ಕೆ. ಒಂದು ಸಂಜೆಯ ಕೆಲಸ. ನಾನದನ್ನು ಮಾಡಿದ್ದು ಹಾಡು ಹೋದ ಮೇಲೆ.

"ಇಂಥದ್ದಕ್ಕೆ ಕನ್ನಡದಲ್ಲಿ ಪದಗಳೆಲ್ಲಿವೆ?" ಎನ್ನುವವರು ಚಳ್ಳಕೆರೆಯ ಯಾವುದಾದರೂ ಮೋಟರ್ ರಿಪೇರಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಬೋರ್‌ವೆಲ್ ಮೋಟರು ಏಕೆ ಸುಟ್ಟಿತು, ಯಾವ ಫೇಸು ಹೋಗಿತ್ತು, ವೋಲ್ಟೇಜು ಎಷ್ಟಿತ್ತು ಎಂದು ರೈತರು ಮೇಷ್ಟ್ರುಗಳಿಗಿಂತ ಚೆನ್ನಾಗಿ ಕನ್ನಡದಲ್ಲೇ ವಾದಿಸುತ್ತಾರೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರರು ಹಾಸಿನ ಎಳೆ ಹರಿದರೆ ಇಂಜಿನಿಯರನ್ನು ಕರೆಯುವುದಿಲ್ಲ. ತಮ್ಮ ಮಗ್ಗ ತಮಗೆ ಗೊತ್ತಿಲ್ಲ ಎನ್ನುವುದು ಅವರಿಗೆ ನಾಚಿಕೆಯ ಮಾತು. ನಮಗೆ ಮಾತ್ರ ಅದು ಪ್ರತಿಷ್ಠೆ.

ಅದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಅದನ್ನು ಬರೆದವನು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ. ಕೊನೆಯಲ್ಲಿ ತನ್ನ ಹೆಸರಿನ ಜೊತೆ 'ಲಿಪಿಕಾರ' ಎಂಬ ಕಸುಬಿನ ಮಾತನ್ನು ಮಾತ್ರ ಅವನು ವಾಯವ್ಯ ಗಡಿಯ ಖರೋಷ್ಠಿಯಲ್ಲಿ ಬರೆದ. ಚಕ್ರವರ್ತಿಯ ಧರ್ಮೋಪದೇಶದ ತುದಿಯಲ್ಲಿ ತನ್ನ ಕಸುಬನ್ನು ಹೀಗೆ ಎದ್ದು ಕಾಣಿಸಿದವನ ಬಗ್ಗೆ ನಾವು ಸೆಮಿನಾರು ಮಾಡುತ್ತೇವೆ. ನಾವೇ ಬರೆಯುವ ಯಂತ್ರದ ಬಗ್ಗೆ ಕೇಳಿದರೆ ಮುಖ ತಿರುಗಿಸುತ್ತೇವೆ.

ಇದು ಕನ್ನಡದ ಹಳೆಯ ಗುಣವೇನೂ ಅಲ್ಲ. ಕಾದಂಬರಿಕಾರ ಕಾರಂತರೇ ಕೂತು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಸಿಟ್ಟಿನಿಂದ ಓಡಾಡಿದರು. ಅವರ ಹೆಸರಿನಲ್ಲಿ ಪಿಎಚ್‌ಡಿ ಮಾಡುವ ನಾವು ಕನ್ನಡವನ್ನು ಕಥೆ, ಕವಿತೆ, ವಿಮರ್ಶೆಗಳಷ್ಟಕ್ಕೆ ಕುಗ್ಗಿಸಿ, ಆ ಕುಗ್ಗಿದ ಅಳತೆಯಲ್ಲಿ ಎಣಿಸಿ, ಭಾಷೆ 100 ಪರ್ಸೆಂಟ್ ತುಂಬಿದೆ ಎಂದು ರಾಜ್ಯೋತ್ಸವದ ಭಾಷಣ ಬಿಗಿಯುತ್ತೇವೆ.

ನಾನು ಕೇಳುವುದು ಇಷ್ಟೇ. ಜಾನಪದದ ಕ್ಷೇತ್ರಕಾರ್ಯ ಕಲಿಸುವ ತರಗತಿಯಲ್ಲಿ ಒಂದು ದಿನ ರೆಕಾರ್ಡರು, ಬ್ಯಾಟರಿ, ಬ್ಯಾಕಪ್ಪಿಗೆ ಮೀಸಲಿಡಿ. ಪಾಠ ಕನ್ನಡದಲ್ಲೇ ಆಗಲಿ. ಕಲಿತವರು ಕಲಿತದ್ದನ್ನು ಕನ್ನಡದಲ್ಲಿ ಬರೆದಿಡಲಿ. ಇದು ಸಾಹಿತ್ಯವೇ ಎಂಬ ಚರ್ಚೆಯನ್ನು ಆಮೇಲೆ ಮಾಡೋಣ. ಆ ಅಜ್ಜನಿಗೆ ಎಂಬತ್ತು ದಾಟಿದೆ.