ಹೊಲವಿದ್ದಲ್ಲಿ ಹುಲ್ಲುಹಾಸು

ಕಲ್ಕತ್ತೆಯ ದಕ್ಷಿಣ ಭಾಗದ ಟಾಲಿಗಂಜ್ ಕ್ಲಬ್ಬಿನ ಹೆಸರನ್ನು ನಮ್ಮ ವಾಚಕರಲ್ಲಿ ಹಲವರು ಕೇಳಿರಬಹುದು. ಸುಮಾರು ೧೦೦ ಎಕರೆಗಳ ಆ ಆವರಣದಲ್ಲಿ ಈಗ ಗಾಲ್ಫ್ ಮೈದಾನವೂ ಹಳೆಯ ಮರಗಳೂ ಶೋಭಿಸುತ್ತಿವೆ. ಆದರೆ ಆ ನೆಲವು ಮೊದಲಿನಿಂದ ವಿಹಾರಸ್ಥಾನವಾಗಿದ್ದುದಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಜಾನ್ಸನ್ ಮನೆತನದ ಆಂಗ್ಲರು ಅಲ್ಲಿ ನೀಲಿಯ ಬೆಳೆಯನ್ನು ಮಾಡಿಸುತ್ತಿದ್ದರು; ಇಂದಿನ ಕ್ಲಬ್ಬಿನ ಭವನವೇ ಅಂದಿನ ಧಣಿಗಳ ಬಂಗಲೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ವೆಲ್ಲೂರಿನಲ್ಲಿ ಇರಿಸಲ್ಪಟ್ಟಿದ್ದ ಟೀಪೂ ಸುಲ್ತಾನನ ಮಕ್ಕಳನ್ನು ೧೮೦೬ರ ದಂಗೆಯ ತರುವಾಯ ಕಲ್ಕತ್ತೆಗೆ ಸಾಗಿಸಿದರಷ್ಟೆ. ಆ ಮನೆತನದವರೂ ಈ ಬಂಗಲೆಯಲ್ಲಿ ವಾಸಮಾಡಿದರು. ೧೮೯೫ರಲ್ಲಿ ಸರ್ ವಿಲಿಯಂ ಕ್ರೂಕ್‌ಶ್ಯಾಂಕ್ ಎಂಬವರು ಕುದುರೆಸವಾರಿಯ ವಿನೋದಗಳಿಗಾಗಿ ಅಲ್ಲಿ ಕ್ಲಬ್ಬನ್ನು ಸ್ಥಾಪಿಸಿದರು.

ಈ ಚರಿತ್ರೆಯಲ್ಲಿ ಧಣಿಗಳ ಹೆಸರುಂಟು, ರಾಜಪುತ್ರರ ಹೆಸರುಂಟು, ಸ್ಥಾಪಕರ ಹೆಸರುಂಟು. ನೀಲಿಯನ್ನು ಬಿತ್ತಿ ಕೊಯ್ದವರ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಬಂಗಾಳದ ನೀಲಿ ರೈತನ ಕಷ್ಟವನ್ನು ಸರಕಾರವು ವಿಚಾರಿಸಿದ್ದಾದರೂ ಎಂದು? ೧೮೫೯ರಲ್ಲಿ ನದಿಯಾ ಮೊದಲಾದ ಜಿಲ್ಲೆಗಳ ರೈತರು ಇನ್ನು ನೀಲಿಯನ್ನು ಬಿತ್ತೆವೆಂದು ಹಟ ಹಿಡಿದ ಮೇಲೆ, ೧೮೬೦ರಲ್ಲಿ.

ಇದು ಪರಪ್ರಾಂತದ ಹಳೆಯ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ೨೦೨೦ರ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ, ಕೃಷಿಕರಲ್ಲದವರು ಸಾಗುವಳಿ ಜಮೀನನ್ನು ಕೊಳ್ಳಲು ಕರ್ನಾಟಕದಲ್ಲಿದ್ದ ಮುಖ್ಯ ನಿರ್ಬಂಧಗಳು ತೆಗೆದುಹಾಕಲ್ಪಟ್ಟವು. ತನ್ನ ಭೂಮಿಯನ್ನು ಮಾರುವ ಹಕ್ಕು ರೈತನಿಗಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆಟವಿನೋದಗಳಿಗೂ ನಾವು ವಿರೋಧಿಗಳಲ್ಲ. ಕಿಕ್ಕಿರಿದ ಕಲ್ಕತ್ತೆಯಲ್ಲಿ ಅಷ್ಟು ಹಸುರು ಉಳಿದಿರುವುದು ಲಾಭವೇ ಸರಿ. ಆದರೆ ಜಮೀನು ಮಾರಾಟವಾದಾಗ ಕ್ರಯದ ಹಣವು ಖಾತೆದಾರನಿಗೆ ಸಲ್ಲುತ್ತದೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕುಯ್ಲು ಮಾಡಿ ಹೊಟ್ಟೆ ಹೊರೆಯುತ್ತಿದ್ದ ಕೂಲಿಯವನಿಗೆ ಸಲ್ಲುವುದೇನು? ಕ್ರಯಪತ್ರದಲ್ಲಿ ಅವನ ಹೆಸರಿಲ್ಲ. ಬೇಲಿ ಬಿದ್ದ ಮರುದಿನದಿಂದ ಅವನಿಗೆ ಕೆಲಸವೂ ಇಲ್ಲ.

ಆದುದರಿಂದ, ಹೊಲಗದ್ದೆಗಳನ್ನು ವಿಹಾರಸ್ಥಾನಗಳಾಗಿ ಪರಿವರ್ತಿಸಲು ಅಪ್ಪಣೆ ಕೊಡುವ ಮೊದಲು ಅಧಿಕಾರಿಗಳು ಎರಡು ಸಂಗತಿಗಳನ್ನು ವಿಚಾರಿಸತಕ್ಕದ್ದು: ಆ ನೆಲದ ದುಡಿಮೆಯಿಂದ ಎಷ್ಟು ಸಂಸಾರಗಳು ಉಣ್ಣುತ್ತಿವೆ, ನಾಳೆ ಅವುಗಳ ಜೀವನೋಪಾಯವೇನು? ಉತ್ತರವನ್ನು ಗ್ರಾಮಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಿ, ಕಡತಕ್ಕೆ ಸೇರಿಸಬೇಕು. ಅದು ತೃಪ್ತಿಕರವಾಗಿಲ್ಲದಿದ್ದರೆ ಅಪ್ಪಣೆಯನ್ನು ತಡೆಹಿಡಿಯಬೇಕು. ಬಂಗಾಳದಲ್ಲಿ ಆದಂತೆ, ಜನರು ಹಟ ಹಿಡಿದ ಮೇಲೆ ವಿಚಾರಣೆಗೆ ತೊಡಗುವುದಕ್ಕಿಂತ ಸರಕಾರದವರು ಈಗಲೇ ಇದನ್ನು ಕಡ್ಡಾಯಗೊಳಿಸುವುದು ಯುಕ್ತವೆಂದು ನಮ್ಮ ದೃಢವಾದ ಅಭಿಪ್ರಾಯ.