ಜೀಪಿನ ಟಯರು ಹೊರಬಲ್ಲ ಭಾರವೆಷ್ಟು?

ವಯನಾಡು ಜಿಲ್ಲೆಯ ಮಾನಂತವಾಡಿ ತಾಲೂಕಿನಲ್ಲಿ 2023ರ ಆಗಸ್ಟ್ 25ರಂದು ಜೀಪೊಂದು ಕಮರಿಗೆ ಉರುಳಿ, ಚಹಾ ತೋಟದ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ 9 ಮಂದಿ ಸ್ತ್ರೀಯರು ಮೃತಪಟ್ಟುದನ್ನು ಓದುಗರು ಮರೆತಿರಲಾರರು. ಚಾಲಕನೂ ಸೇರಿ 14 ಮಂದಿ ಅದರಲ್ಲಿದ್ದರು. ಆ ದುರಂತಕ್ಕೆ ಟಯರೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಗುಡ್ಡದ ದಾರಿಯ ಜೀಪು ಎಷ್ಟು ಭಾರ ಹೊರಬಹುದೆಂಬ ಪ್ರಶ್ನೆ ಅಂದಿನಿಂದ ನಮ್ಮೆದುರಿಗಿದೆ. ಬಸ್ಸು ಹತ್ತದ ಏರುದಾರಿಗಳಲ್ಲಿ ಜನಕ್ಕೂ ಅಡಿಕೆ ಮೂಟೆಗೂ ಜೀಪೇ ಗತಿಯಾಗಿರುವ ನಮ್ಮ ಕಾಸರಗೋಡಿಗೂ ಇದು ಪರರ ಮಾತಲ್ಲ.

ಈ ಪ್ರಶ್ನೆಗೆ ಉತ್ತರದ ಒಂದಂಶ ಟಯರಿನ ಮಗ್ಗುಲಲ್ಲೇ ಅಚ್ಚಾಗಿದೆ. ಅಳತೆಯ ಬಳಿಕ ಒಂದು ಅಂಕೆ, ಅದರ ಪಕ್ಕದಲ್ಲಿ ಒಂದು ಅಕ್ಷರ ಇರುತ್ತದೆ. ಅಕ್ಷರವು ವೇಗದ ಮಿತಿ; ಅಂಕೆಯು ಭಾರದ ಮಿತಿ. ಆ ಅಂಕೆ ಕಿಲೋ ಲೆಕ್ಕವಲ್ಲ, ಸಂಕೇತ ಮಾತ್ರ. 98 ಎಂದಿದ್ದರೆ ಒಂದು ಟಯರು 750 ಕಿಲೋ ಹೊರಬಲ್ಲುದು. 100 ಎಂದರೆ 800, 104 ಎಂದರೆ 900, 109 ಎಂದರೆ 1030 ಕಿಲೋ. 104/101 ಎಂದು ಎರಡಂಕೆ ಇದ್ದಲ್ಲಿ ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಲಾರಿಯಂತೆ ಜೋಡಿ ಚಕ್ರಕ್ಕೆ. ಒಂದೇ ಅಳತೆಯ ಟಯರು ಬೇರೆ ಬೇರೆ ಅಂಕೆಗಳಲ್ಲಿ ದೊರೆಯುತ್ತದೆ. ಆದಕಾರಣ ಅಳತೆ ಸರಿಯಿದೆ, ಬೆಲೆ ಕಡಿಮೆಯಿದೆ ಎಂದಷ್ಟೇ ನೋಡಿ ಕೊಳ್ಳುವುದು ಮೋಸ ಹೋಗುವ ದಾರಿ.

ಒಟ್ಟು ಭಾರವನ್ನು ನಾಲ್ಕರಿಂದ ಭಾಗಿಸಿ ತೃಪ್ತರಾಗುವುದು ಇನ್ನೊಂದು ತಪ್ಪು. ತುಂಬಿದ ಜೀಪಿನ ಹೊರೆ ಬಹುಮಟ್ಟಿಗೆ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಒಂದು ಲೆಕ್ಕ ನೋಡೋಣ. ಖಾಲಿ ಜೀಪಿನ ಹಿಂಬದಿಯ ಭಾರ 800 ಕಿಲೋ ಎಂದಿಟ್ಟುಕೊಳ್ಳಿ. ಹಿಂದೆ 60 ಕಿಲೋ ತೂಕದ 10 ಮಂದಿ ಕುಳಿತು, 50 ಕಿಲೋದ ಎರಡು ಗೊಬ್ಬರದ ಮೂಟೆ ಏರಿದರೆ 1500 ಕಿಲೋ ಆಯಿತು. ಚಕ್ರವೊಂದಕ್ಕೆ 750. ಅಂದರೆ 98ರ ಟಯರಿನ ಶಕ್ತಿ ಸಮದಾರಿಯಲ್ಲೇ ಮುಗಿದುಹೋಯಿತು. ಏರಿನಲ್ಲಿ ಭಾರ ಹಿಂದಕ್ಕೆ ಜಗ್ಗುತ್ತದೆ. ಓರೆ ದಾರಿಯಲ್ಲಿ ತಗ್ಗಿನ ಬದಿಯ ಚಕ್ರಕ್ಕೆ ಪಾಲು ಹೆಚ್ಚು. 104ರ ಟಯರಿದ್ದರೆ ಚಕ್ರಕ್ಕೆ 150 ಕಿಲೋದಷ್ಟು ಆಸರೆ ಉಳಿಯುತ್ತದೆ. ಆದರೆ ಇದರಿಂದ ಜೀಪಿನ ಸ್ಪ್ರಿಂಗು, ಬ್ರೇಕುಗಳ ಶಕ್ತಿ ಹೆಚ್ಚುವುದಿಲ್ಲ. ಬಲವಾದ ಟಯರು ಹೆಚ್ಚು ಜನರನ್ನು ತುಂಬಲು ಪರವಾನಿಗೆಯಲ್ಲ.

ಈ ಅಂಕೆ ಸತ್ಯವಾಗುವುದು ನಿಗದಿತ ಗಾಳಿ ಇದ್ದಾಗ ಮಾತ್ರ. ಕೆಸರಿನಲ್ಲಿ, ಕಲ್ಲುದಾರಿಯಲ್ಲಿ ಹಿಡಿತಕ್ಕಾಗಿ ಗಾಳಿ ಇಳಿಸುವುದುಂಟು. ಇಳಿಸಿದಷ್ಟೂ ಭಾರ ಹೊರುವ ಶಕ್ತಿ ಕುಗ್ಗುತ್ತದೆ. ಹಾಗೆಯೇ ಡಾಮರು ರಸ್ತೆಗೆ ಬಂದು ವೇಗವಾಗಿ ಓಡಿಸಿದರೆ ಟಯರಿನ ಮಗ್ಗುಲು ಮಡಚಿ ಮಡಚಿ ಬಿಸಿಯೇರಿ ಒಡೆಯಬಹುದು. ಗಾಳಿ ಇಳಿಸಿದವರು ಮೆಲ್ಲಗೆ ಸಾಗಬೇಕು, ರಸ್ತೆ ಸೇರಿದೊಡನೆ ಮತ್ತೆ ತುಂಬಬೇಕು.

ಹಾಗಾದರೆ ಅತಿ ದೊಡ್ಡ ಅಂಕೆಯದೇ ಲೇಸೆ? ಅದೂ ಅಲ್ಲ. ದಪ್ಪ ಪದರಗಳ ಟಯರು ಭಾರವಾದುದು, ಗಡುಸಾದುದು. ಖಾಲಿ ಜೀಪಿನಲ್ಲಿ ಅದು ನೆಲಕ್ಕೆ ಒಗ್ಗದೆ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ಮನೆಮಂದಿ ನಾಲ್ವರು ಓಡಾಡುವ ಜೀಪಿಗೆ ತಯಾರಕರು ಹೇಳಿದ ಅಂಕೆಯೇ ಸಾಕು. ಅದಕ್ಕಿಂತ ಕಡಿಮೆ ಮಾತ್ರ ಎಂದೂ ಸಲ್ಲದು.

ಸಾರಿಗೆ ವಾಹನದಲ್ಲಿ ಹೆಚ್ಚುವರಿಯಾಗಿ ಕುಳಿತ ಒಬ್ಬೊಬ್ಬರಿಗೂ 200 ರೂಪಾಯಿ ದಂಡವೆಂದು 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾನೂನು ಹೇಳುತ್ತದೆ. ಕಾನೂನು ತಲೆ ಎಣಿಸುತ್ತದೆ. ಟಯರು ತೂಕ ಎಣಿಸುತ್ತದೆ. ಸಾರಿಗೆ ವಾಹನದ ನೋಂದಣಿ ಪತ್ರದಲ್ಲಿ ಟಯರಿನ ವಿವರಕ್ಕೂ ಆಕ್ಸಲಿನ ಭಾರಕ್ಕೂ ಕಲಮುಗಳಿವೆ. ವಾಹನ ತಪಾಸಣೆಯ ದಿನ ಅಧಿಕಾರಿಗಳು ಅದನ್ನೂ ಟಯರಿನ ಅಂಕೆಯನ್ನೂ ಒಂದಕ್ಕೊಂದು ತಾಳೆ ನೋಡಬೇಕೆಂಬುದು ನಮ್ಮ ಒತ್ತಾಯ.

ಸಣ್ಣ ಬಾಡಿಗೆಯಲ್ಲಿ ಸಂಸಾರ ಸಾಗಿಸುವ ಚಾಲಕನ ಕಷ್ಟ ನಮಗೆ ತಿಳಿಯದುದಲ್ಲ. ಎರಡು ಸಲ ಹೋಗುವ ಬದಲು ಒಂದೇ ಸಲ ತುಂಬಿ ಹೋಗುವುದು ಅವನ ಆಸೆಯಷ್ಟೇ ಅಲ್ಲ, ಬೇಗ ಮನೆ ಸೇರಬೇಕೆಂಬ ನಮ್ಮ ಆತುರವೂ ಹೌದು. ಜೀಪು ತುಂಬಿದ್ದರೆ ಮುಂದಿನದಕ್ಕೆ ಕಾಯುವ ತಾಳ್ಮೆ ನಮಗೂ ಇರಲಿ.